ಸಣ್ಣ ಆಫೀಸಿನ ಮೇಲ್ ಸರ್ವರ್‌ಗೆ ಸರಿಯಾಗಿ ಬೀಗ ಹಾಕೋದು: ಪೋಸ್ಟ್‌ಫಿಕ್ಸ್, ಡವ್‌ಕಾಟ್ ಇಟ್ಕೊಂಡಿರೋರಿಗೆ

ಲಿನಕ್ಸಲ್ಲಿ ಮೇಲ್ ಸರ್ವರ್ ಹಾಕೋದು ಹೇಗೆ ಅಂತ ಹುಡುಕಿದ್ರೆ ಬೇಕಾದಷ್ಟು ಸಿಗುತ್ತೆ, ಒಂದಷ್ಟು ಕಮಾಂಡ್ ಹೊಡೆದ್ರೆ ಮೇಲ್ ಬರುತ್ತೆ ಹೋಗುತ್ತೆ, ಅಲ್ಲಿಗೆ ಮುಗೀತು ಅಂತ ಎಲ್ರೂ ಎದ್ದು ಹೋಗ್ತಾರೆ. ಯಾರು ಎಲ್ಲಿಂದ ಒಳಗೆ ಬರಬಹುದು, ಯಾರ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅನ್ನೋದನ್ನ ಮಾತ್ರ ಯಾರೂ ಕೂತು ನೋಡಲ್ಲ. ನಾನು ಮೈಸೂರು ಮಂಡ್ಯ ಕಡೆ ಸಣ್ಣ ಸಣ್ಣ ಆಫೀಸುಗಳ ಸರ್ವರ್ ನೋಡ್ಕೋತೀನಿ, ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪು, ಮಂಡ್ಯದ ಬೆಲ್ಲದ ಮಂಡಿ, ಆಡಿಟರ್ ಆಫೀಸು, ಇಂಥವು. ಇಂಥ ಕಡೆ ಮೇಲ್ ಸರ್ವರ್ ಕೆಟ್ಟು ಕೂತಿರೋದು ಯಾವ ಮಹಾ ಹ್ಯಾಕಿಂಗ್‌ನಿಂದಲೂ ಅಲ್ಲ ಕಣ್ರೀ, 'ಇನ್ಫೋ' ಅಂತ ಒಂದು ಅಕೌಂಟು, ಅದಕ್ಕೆ ಅಂಗಡಿ ಹೆಸರು ಪ್ಲಸ್ 123 ಅಂತ ಪಾಸ್‌ವರ್ಡು, ಇಲ್ಲಾ ಅಂದ್ರೆ ಜೆರಾಕ್ಸ್ ಮೆಷಿನ್ ಸ್ಕ್ಯಾನ್ ಕಳಿಸ್ಲಿ ಅಂತ ಇಡೀ ಆಫೀಸ್ ನೆಟ್‌ವರ್ಕಿಗೆ ಪಾಸ್‌ವರ್ಡ್ ಇಲ್ದೇ ಬಾಗಿಲು ತೆಗೆದಿಟ್ಟಿರೋದು, ಎರಡರಲ್ಲಿ ಒಂದು. ಅದಕ್ಕೇ ಇಲ್ಲಿ ಇನ್‌ಸ್ಟಾಲ್ ಮಾಡೋ ಭಾಗ ಬೇಗ ಮುಗಿಸಿ, ಒಳಗೆ ಯಾರನ್ನ ಬಿಡೋದು ಅನ್ನೋ ಭಾಗನೇ ಜಾಸ್ತಿ ಬರೀತೀನಿ. ಪೋಸ್ಟ್‌ಫಿಕ್ಸ್ ಅನ್ನೋದು ಮೇಲ್ ಕಳಿಸೋ, ಬಂದದ್ದನ್ನ ತಗೊಳೋ ಪ್ರೋಗ್ರಾಮು, ಡವ್‌ಕಾಟ್ ಅನ್ನೋದು ಪಾಸ್‌ವರ್ಡ್ ನೋಡಿ ಮೇಲ್ ಓದೋಕೆ ಕೊಡೋ ಪ್ರೋಗ್ರಾಮು.

ಒಂದು ಮಾತು, ಸೆಟ್ಟಿಂಗ್ ಹೆಸರು ಫೈಲ್ ಹೆಸರು ಎಲ್ಲಾ ಕನ್ನಡದಲ್ಲೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷಲ್ಲೇ ಹೊಡೀಬೇಕು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳಲ್ಲಿ ಪದಗಳ ಮಧ್ಯೆ ಸ್ಪೇಸ್ ಇರಲ್ಲ, ಅಂಡರ್‌ಸ್ಕೋರ್ ಇರುತ್ತೆ. ಸ್ಪೆಲ್ಲಿಂಗ್ ಡೌಟ್ ಬಂದ್ರೆ ಪೋಸ್ಟ್‌ಕಾನ್ಫ್ ಅಂತ ಹೊಡೀರಿ, ಎಲ್ಲಾ ಸೆಟ್ಟಿಂಗೂ ಉದ್ದಕ್ಕೆ ಬಂದ್ಬಿಡುತ್ತೆ, ಗ್ರೆಪ್ ಹಾಕಿ ಹುಡುಕ್ಕೊಳಿ.

ಸರ್ವರ್ ಎಲ್ಲಿ ಇಡೋದು

ಆಫೀಸಿನ ಬ್ರಾಡ್‌ಬ್ಯಾಂಡ್ ಮೇಲೆ ಮೇಲ್ ಸರ್ವರ್ ಇಡೋ ಆಸೆ ಬೇಡ. ಸ್ಟಾಟಿಕ್ ಐಪಿ ಇಲ್ಲದ ಲೈನುಗಳು ಸಾಮಾನ್ಯವಾಗಿ ಸ್ಪ್ಯಾಮ್ ತಡೆಯೋಕೆ ಐಪಿ ಲಿಸ್ಟ್ ಇಡೋ ಸ್ಪ್ಯಾಮ್‌ಹೌಸ್‌ನವರ ಪಿಬಿಎಲ್ ಲಿಸ್ಟಲ್ಲಿ ಇರ್ತವೆ, 'ಈ ಐಪಿಯಿಂದ ನೇರವಾಗಿ ಮೇಲ್ ಬರಬಾರದು' ಅನ್ನೋ ಲಿಸ್ಟ್ ಅದು, ಅಲ್ಲಿಂದ ನೀವು ಏನೇ ಕಳಿಸಿದ್ರೂ ಆ ಕಡೆಯವರು ತಗೊಳಲ್ಲ. ರಿವರ್ಸ್ ಡಿಎನ್‌ಎಸ್, ಅಂದ್ರೆ ಐಪಿ ಕೊಟ್ರೆ ಹೆಸರು ಹೇಳೋ ದಾಖಲೆ, ಅದೂ ಬೇರೆ ನಿಮ್ಮ ಕೈಲಿರಲ್ಲ. ಒಂದು ಸಣ್ಣ ವಿಪಿಎಸ್ (ಬಾಡಿಗೆ ವರ್ಚುಯಲ್ ಸರ್ವರ್) ತಗೊಳಿ, ಸಾಕು. ತಗೊಳ್ಳೋಕೆ ಮುಂಚೆ ಎರಡು ವಿಷಯ ಕೇಳ್ಕೊಳಿ, 25ನೇ ಪೋರ್ಟ್ ಹೊರಗಡೆಗೆ ಬಿಡ್ತೀರಾ, ಪಿಟಿಆರ್ ರೆಕಾರ್ಡ್ (ಅದೇ ರಿವರ್ಸ್ ಡಿಎನ್‌ಎಸ್ ದಾಖಲೆ) ಹಾಕೋಕೆ ಆಗುತ್ತಾ ಅಂತ. ಬಹಳಷ್ಟು ಕ್ಲೌಡ್ ಕಂಪನಿಗಳು ಹೊಸ ಅಕೌಂಟಿಗೆ 25 ಬ್ಲಾಕ್ ಮಾಡಿಟ್ಟಿರ್ತಾರೆ, ಟಿಕೆಟ್ ಹಾಕಿ ತೆಗೆಸ್ಬೇಕು, ಕೆಲವರು ತೆಗೆಯೋದೇ ಇಲ್ಲ.

ಸರ್ವರ್ ಒಂದ್ ಹೊತ್ತು ಡೌನ್ ಆದ್ರೆ ಮೇಲ್ ಎಲ್ಲಾ ಹೋಯ್ತು ಅಂತ ಓನರ್‌ಗಳು ಗಾಬರಿ ಆಗ್ತಾರೆ, ಹಾಗೇನಿಲ್ಲ. ಕಳಿಸೋ ಕಡೆ ಸರ್ವರ್ ಮೇಲನ್ನ ಕ್ಯೂನಲ್ಲಿ ಇಟ್ಕೊಂಡು ಮತ್ತೆ ಮತ್ತೆ ಟ್ರೈ ಮಾಡ್ತಾನೇ ಇರುತ್ತೆ, ಪೋಸ್ಟ್‌ಫಿಕ್ಸ್‌ನಲ್ಲಿ ಡೀಫಾಲ್ಟೇ 5 ದಿನ. ಸರ್ವರ್ ರೀಬೂಟ್ ಮಾಡೋಕೆ ಭಾನುವಾರ ಬರ್ಲಿ ಅಂತ ಕಾಯೋದೂ ಬೇಡ.

ಯಾವ ಪೋರ್ಟ್ ಯಾರಿಗೆ

ಇದೊಂದು ತಲೇಲಿ ಸರಿಯಾಗಿ ಕೂತ್ರೆ ಅರ್ಧ ಕೆಲಸ ಆದಂಗೆ. ಪೋರ್ಟ್ 25 ಅನ್ನೋದು ಬೇರೆ ಸರ್ವರ್‌ಗಳು ನಮ್ಮ ಡೊಮೇನ್‌ಗೆ ಮೇಲ್ ತಂದು ಕೊಡೋ ಜಾಗ. ಹಳ್ಳಿ ಮನೆ ಜಗಲಿ ಥರ, ಯಾರು ಬೇಕಾದ್ರೂ ಬಂದು ಕೂತು ಕೊಡೋದು ಕೊಟ್ಟು ಹೋಗಬಹುದು, ಒಳಮನೆಗೆ ಬಿಡಲ್ಲ. ಅಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಕೇಳೋ ಕೆಲಸನೇ ಇಲ್ಲ. ನಮ್ಮ ಸ್ಟಾಫು ಔಟ್‌ಲುಕ್‌ನಿಂದಲೋ ಫೋನಿಂದಲೋ ಮೇಲ್ ಕಳಿಸೋದಕ್ಕೆ ಇರೋದು 587 ಮತ್ತೆ 465, ಇಲ್ಲಿ ಲಾಗಿನ್ ಇಲ್ಲದೇ ಒಂದು ಅಕ್ಷರನೂ ಹೋಗ್ಬಾರ್ದು. 587ರಲ್ಲಿ ಮೊದಲು ಮಾಮೂಲಿ ಕನೆಕ್ಷನ್ ಆಗಿ ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಅಂತ ಹೇಳಿ ಎನ್‌ಕ್ರಿಪ್ಟ್ ಆಗುತ್ತೆ, 465ರಲ್ಲಿ ಮೊದಲ ಬೈಟಿಂದಲೇ ಟಿಎಲ್‌ಎಸ್ ಅನ್ನೋ ಎನ್‌ಕ್ರಿಪ್ಷನ್. 2018ರಲ್ಲಿ ಬಂದ ಆರ್‌ಎಫ್‌ಸಿ 8314 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮಗಳ ದಾಖಲೆ) ಈ ಎರಡನೇ ಥರದ್ದನ್ನೇ ಬಳಸಿ ಅನ್ನುತ್ತೆ, ನಾನೂ ಹೊಸ ಫೋನುಗಳಿಗೆ 465ನೇ ಹಾಕೋದು. ಮೇಲ್ ಓದೋಕೆ ಐಮ್ಯಾಪ್ 993 ಒಂದೇ ಸಾಕು. 110, 143, 995 ಇವೆಲ್ಲಾ ಮುಚ್ಚಿ. ಪಾಪ್3 ಬೇಕೇ ಬೇಕು ಅನ್ನೋರು ಈಗ್ಲೂ ಇದಾರೆ, ಅಂಥವರಿಗೆ 995 ಮಾತ್ರ ಬಿಡಿ.

ಯುಎಫ್‌ಡಬ್ಲ್ಯೂ ಅನ್ನೋ ಫೈರ್‌ವಾಲಲ್ಲಿ 25, 465, 587, 993, ಸರ್ಟಿಫಿಕೇಟಿಗೆ 80, ಎಸ್‌ಎಸ್‌ಎಚ್‌ಗೆ ನಿಮ್ಮ ಪೋರ್ಟು, ಇಷ್ಟು ಅಲೋ ಮಾಡಿ ಮಿಕ್ಕಿದ್ದು ಡಿನೈ. ಎಸ್‌ಎಸ್‌ಎಚ್ ಅಲೋ ಮಾಡಿದೀವಾ ಅಂತ ಖಾತ್ರಿ ಮಾಡ್ಕೊಂಡೇ ಎನೇಬಲ್ ಹೊಡೀರಿ, ಇಲ್ಲಾಂದ್ರೆ ನೀವೇ ಆಚೆ ನಿಂತ್ಕೋಬೇಕಾಗುತ್ತೆ. ಎಲ್ಲಾ ಆದ್ಮೇಲೆ ಎಸ್‌ಎಸ್ ಕಮಾಂಡ್‌ಗೆ ಟಿಎಲ್‌ಎನ್‌ಪಿ ಆಪ್ಷನ್ ಕೊಟ್ಟು ಏನೇನು ನಿಜವಾಗ್ಲೂ ಕೇಳಿಸ್ಕೊಳ್ತಾ ಕೂತಿದೆ ಅಂತ ನೋಡಿ. ಫೈರ್‌ವಾಲ್ ಮುಚ್ಚಿದೆ ಅಂತ ಸರ್ವಿಸನ್ನ ಹಾಗೇ ಓಡೋಕೆ ಬಿಡೋದು ನನಗೆ ಇಷ್ಟ ಆಗಲ್ಲ, ಡವ್‌ಕಾಟ್‌ನ 10-ಮಾಸ್ಟರ್ ಫೈಲಲ್ಲಿ ಐಮ್ಯಾಪ್ ಲಿಸನರ್‌ಗೆ ಪೋರ್ಟ್ = 0 ಅಂತ ಹಾಕಿದ್ರೆ 143 ಬುಡದಿಂದಲೇ ನಿಂತುಹೋಗುತ್ತೆ.

ಪೋಸ್ಟ್‌ಫಿಕ್ಸ್

ಪೋಸ್ಟ್‌ಫಿಕ್ಸ್ ಬರೆದಿದ್ದು ವೀಟ್ಸೆ ವೆನೆಮಾ ಅಂತ, ಐಬಿಎಂ ರಿಸರ್ಚಲ್ಲಿ ಇದ್ದಾಗ, 1998ರಲ್ಲಿ ಹೊರಗೆ ಬಂತು. ಮೊದಲಿಂದಲೂ ಸೆಕ್ಯೂರಿಟಿ ಮನಸಲ್ಲಿಟ್ಕೊಂಡು ಬರೆದಿರೋದು, ಡೀಫಾಲ್ಟ್ ಸೆಟ್ಟಿಂಗಲ್ಲಿ ಬಿಟ್ರೆ ಅಷ್ಟು ಸುಲಭಕ್ಕೆ ಓಪನ್ ರಿಲೇ, ಅಂದ್ರೆ ಯಾರು ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಮೇಲ್ ಕಳಿಸೋ ದಾರಿ, ಆಗಲ್ಲ. ಅದನ್ನ ಕೆಡಿಸೋದು ನಾವೇ, ಅದೂ ಎರಡೇ ಎರಡು ಸಾಲಲ್ಲಿ.

ಮೊದಲನೇದು ಮೈನೆಟ್‌ವರ್ಕ್ಸ್. ಈ ಸಾಲಲ್ಲಿರೋ ಐಪಿಗಳಿಗೆ ಪಾಸ್‌ವರ್ಡ್ ಬೇಡ, ಎಲ್ಲಿಗೆ ಬೇಕಾದ್ರೂ ಮೇಲ್ ಕಳಿಸಬಹುದು. ಸರ್ವರ್ ಆಫೀಸಲ್ಲೇ ಇದ್ದಾಗ 192.168.1.0/24 ಅಂತ ಇಡೀ ಲ್ಯಾನ್ ಹಾಕ್ಬಿಡ್ತಾರೆ, ಯಾಕೆ ಅಂದ್ರೆ ಸ್ಕ್ಯಾನರ್ ಮೇಲ್ ಕಳಿಸ್ಬೇಕಂತೆ. ಆಮೇಲೆ ಯಾರೋ ಒಬ್ರು ಪೆನ್‌ಡ್ರೈವಲ್ಲಿ ವೈರಸ್ ತರ್ತಾರೆ, ಇಲ್ಲಾ ಗೆಸ್ಟ್ ವೈಫೈ ಅದೇ ನೆಟ್‌ವರ್ಕಲ್ಲಿ ಇರುತ್ತೆ, ಆ ಮೆಷಿನ್ನು ಯಾವ ಪಾಸ್‌ವರ್ಡೂ ಕದೀದೇನೇ ನಿಮ್ಮ ಸರ್ವರ್ ಮೂಲಕ ಸ್ಪ್ಯಾಮ್ ಕಳಿಸ್ತಾ ಕೂರುತ್ತೆ, ಲಾಗ್ ನೋಡಿದ್ರೆ ಯಾರ ಹೆಸರೂ ಇರಲ್ಲ. ವಿಪಿಎಸ್ ಆದ್ರೆ ಇನ್ನೊಂದು ಥರ, ಆಫೀಸಿನ ಪಬ್ಲಿಕ್ ಐಪಿ ಹಾಕ್ತಾರೆ, ರೂಟರ್ ರೀಸ್ಟಾರ್ಟ್ ಆಗಿ ಐಪಿ ಬದಲಾದ್ರೆ ಹಳೇ ಐಪಿ ಯಾರಿಗೆ ಸಿಕ್ಕಿದ್ಯೋ ಅವರಿಗೆ ನಿಮ್ಮ ಸರ್ವರ್ ಫ್ರೀ. ಮೈನೆಟ್‌ವರ್ಕ್ಸ್‌ನಲ್ಲಿ 127.0.0.0/8 ಮತ್ತೆ ಐಪಿವಿ6ನ ಲೂಪ್‌ಬ್ಯಾಕ್ ಬಿಟ್ರೆ ಬೇರೆ ಏನೂ ಇರಬಾರದು. ಇದರಲ್ಲಿ ನಾನು ರಾಜಿ ಆಗಲ್ಲ.

ಎರಡನೇದು ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್. ನಮ್ಮ ಸರ್ವರ್ ಮೂಲಕ ಹೊರಗೆ ಮೇಲ್ ಕಳಿಸೋಕೆ ಯಾರನ್ನ ಬಿಡೋದು ಅನ್ನೋ ಸಾಲು ಇದು, ಸಾಸ್ಲ್ ಅಂತ ಬಂದ ಕಡೆ ಲಾಗಿನ್ ಅಂದ್ಕೊಳಿ. ಪರ್ಮಿಟ್_ಮೈನೆಟ್‌ವರ್ಕ್ಸ್, ಪರ್ಮಿಟ್_ಸಾಸ್ಲ್_ಅಥೆಂಟಿಕೇಟೆಡ್, ಕೊನೇಲಿ ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಷನ್, ಈ ಆರ್ಡರಲ್ಲೇ ಇರ್ಲಿ. ಡೆಬಿಯನ್ ಉಬುಂಟುನಲ್ಲಿ ಕೊನೇದು ಡಿಫರ್_ಅನ್‌ಆಥ್_ಡೆಸ್ಟಿನೇಷನ್ ಅಂತ ಇರುತ್ತೆ, ಅದೂ ತಡೆಯುತ್ತೆ, ಆದ್ರೆ 'ಈಗ ಆಗಲ್ಲ ಆಮೇಲೆ ಬಾ' ಅಂತ 454 ಕೊಡುತ್ತೆ, ರಿಜೆಕ್ಟ್ ಹಾಕಿದ್ರೆ 554 ಕೊಟ್ಟು ಅಲ್ಲಿಗೇ ಮುಗಿಸುತ್ತೆ. ಸೆಟಪ್ ಎಲ್ಲಾ ಸರಿ ಹೋಯ್ತು ಅಂತ ಧೈರ್ಯ ಬಂದ್ಮೇಲೆ ರಿಜೆಕ್ಟ್‌ಗೆ ಬದಲಾಯಿಸಿ.

ಈಗ ಮುಖ್ಯವಾದ್ದು. ಎಷ್ಟೋ ಗೈಡ್‌ಗಳಲ್ಲಿ ಎಸ್‌ಎಂಟಿಪಿಡಿ_ಸಾಸ್ಲ್_ಆಥ್_ಎನೇಬಲ್ = ಎಸ್ (ಯೆಸ್) ಅಂತ ಮೇನ್.ಸಿಎಫ್ ಫೈಲಲ್ಲೇ ಹಾಕಿ ಅಂತಿರುತ್ತೆ. ಹಾಗೆ ಹಾಕಿದ್ರೆ 25ರಲ್ಲೂ ಲಾಗಿನ್ ಶುರುವಾಗುತ್ತೆ, ಜಗತ್ತಿನ ಬಾಟ್‌ಗಳೆಲ್ಲಾ ಪಾಸ್‌ವರ್ಡ್ ಗೆಸ್ ಮಾಡೋಕೆ ಮೊದಲು ಬರೋದೇ 25ಕ್ಕೆ. ಮೇನ್.ಸಿಎಫ್‌ನಲ್ಲಿ ಅದನ್ನ ಹಾಕ್ಬೇಡಿ, ಮಾಸ್ಟರ್.ಸಿಎಫ್ ಫೈಲಲ್ಲಿ ಸಬ್ಮಿಷನ್ ಅನ್ನೋ ಸರ್ವಿಸ್ ಕಾಮೆಂಟ್ ಆಗಿ ಕೂತಿರುತ್ತೆ, ಅದರ ಮುಂದಿನ ಹ್ಯಾಶ್ (#) ಗುರುತು ತೆಗೆದು, ಅದರ ಕೆಳಗೆ ಮೈನಸ್ ಓ ಅಂತ ಶುರುವಾಗೋ ಸಾಲುಗಳಲ್ಲಿ ಹಾಕಿ. ಆವಾಗ 25ಕ್ಕೆ ಬಂದ ಬಾಟ್‌ಗೆ 'ಅಥೆಂಟಿಕೇಷನ್ ನಾಟ್ ಎನೇಬಲ್ಡ್' ಅಂತ 503 ಉತ್ತರ ಸಿಗುತ್ತೆ, ಪಾಸ್‌ವರ್ಡ್ ಸರಿನೋ ತಪ್ಪೋ ಅನ್ನೋ ಪ್ರಶ್ನೆನೇ ಬರಲ್ಲ. ಇದೊಂದೇ ಬದಲಾವಣೆಗೆ ಲಾಗ್ ಎಷ್ಟು ತೆಳ್ಳಗಾಗುತ್ತೆ ನೋಡಿ.

ಸಬ್ಮಿಷನ್ ಕೆಳಗೆ ಇರಬೇಕಾದ್ದು ಇಷ್ಟು:

-ಓ ಎಸ್‌ಎಂಟಿಪಿಡಿ_ಟಿಎಲ್‌ಎಸ್_ಸೆಕ್ಯೂರಿಟಿ_ಲೆವೆಲ್=ಎನ್‌ಕ್ರಿಪ್ಟ್
-ಓ ಎಸ್‌ಎಂಟಿಪಿಡಿ_ಸಾಸ್ಲ್_ಆಥ್_ಎನೇಬಲ್=ಎಸ್
-ಓ ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆಥ್_ಓನ್ಲಿ=ಎಸ್
-ಓ ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್=ಪರ್ಮಿಟ್_ಸಾಸ್ಲ್_ಅಥೆಂಟಿಕೇಟೆಡ್,ರಿಜೆಕ್ಟ್

ಎರಡು ಕಡೆ ಜನ ಎಡವೋದು ಗ್ಯಾರಂಟಿ. ಈ ಸಾಲುಗಳು ಸ್ಪೇಸಿಂದ ಶುರುವಾಗ್ಬೇಕು, ಇಲ್ಲಿ ಪೇಜಲ್ಲಿ ಅದು ಕಾಣಲ್ಲ, ಎಡಗಡೆಗೆ ಅಂಟಿಕೊಂಡ್ರೆ ಪೋಸ್ಟ್‌ಫಿಕ್ಸ್ ಅದನ್ನ ಬೇರೆ ಸರ್ವಿಸ್ ಅಂದ್ಕೊಂಡು ಬೈಯುತ್ತೆ. ಇಕ್ವಲ್ ಟು ಆಚೆ ಈಚೆ ಮತ್ತೆ ಕಾಮಾ ಪಕ್ಕ ಸ್ಪೇಸ್ ಇರಬಾರದು, ಮೇನ್.ಸಿಎಫ್‌ನಲ್ಲಿ ಇರಬಹುದು ಇಲ್ಲಿ ಇರಬಾರದು, ಯಾಕೆ ಹಾಗೆ ಅಂತ ಕೇಳ್ಬೇಡಿ ಹಾಗೇನೇ. 465ಕ್ಕೂ ಇದೇ ಸಾಲುಗಳು, ಮೊದಲನೇದರ ಬದಲು ಎಸ್‌ಎಂಟಿಪಿಡಿ_ಟಿಎಲ್‌ಎಸ್_ರ‍್ಯಾಪರ್‌ಮೋಡ್=ಎಸ್. ಆ ಸರ್ವಿಸಿನ ಹೆಸರು ಹಳೇ ವರ್ಷನ್‌ನಲ್ಲಿ ಎಸ್‌ಎಂಟಿಪಿಎಸ್ ಅಂತ, ಹೊಸದರಲ್ಲಿ ಸಬ್ಮಿಷನ್ಸ್ ಅಂತ ಇರುತ್ತೆ.

25ರಲ್ಲಿ ಟಿಎಲ್‌ಎಸ್ ಲೆವೆಲ್ ಮಾತ್ರ 'ಮೇ' ಅಂತ ಬಿಡಿ, 'ಎನ್‌ಕ್ರಿಪ್ಟ್' ಹಾಕಿದ್ರೆ ಟಿಎಲ್‌ಎಸ್ ಬಾರದ ಹಳೇ ಸರ್ವರ್‌ಗಳಿಂದ ಬರೋ ಮೇಲ್ ನಿಂತುಹೋಗುತ್ತೆ, ಆಮೇಲೆ ಯಾವುದೋ ಇಲಾಖೆ ಪತ್ರ ಬಂದಿಲ್ಲ ಅಂತ ಫೋನ್ ಬರುತ್ತೆ ನಿಮಗೆ.

ಡವ್‌ಕಾಟ್, ಮತ್ತೆ ಪಾಸ್‌ವರ್ಡ್ ಎಲ್ಲಿರುತ್ತೆ ಅನ್ನೋದು

ಒಳಗೆ ಹೋಗೋಕೆ ಮುಂಚೆ ವರ್ಷನ್ ನೋಡ್ಕೊಳಿ. ಡೆಬಿಯನ್ 12, ಉಬುಂಟು 24.04 ಇವುಗಳಲ್ಲಿ 2.3 ಇದೆ, ಡೆಬಿಯನ್ 13ರಲ್ಲಿ 2.4. ಎರಡಕ್ಕೂ ಕಾನ್ಫಿಗ್ ಹೊಂದಲ್ಲ, ಹಳೇ ಫೈಲ್ ಹಾಗೇ ಎತ್ತಿ ಹಾಕಿದ್ರೆ ಸ್ಟಾರ್ಟೇ ಆಗಲ್ಲ. ನಾನು ಹೇಳ್ತಿರೋದು 2.3ರ ಹೆಸರುಗಳು, 2.4ರಲ್ಲಿ ಬದಲಾಗಿರೋ ಮುಖ್ಯವಾದ್ದು ಅಲ್ಲಲ್ಲೇ ಹೇಳ್ತೀನಿ.

ಡೆಬಿಯನ್ ಉಬುಂಟುನಲ್ಲಿ ಡವ್‌ಕಾಟ್ ಹಾಕಿದ ತಕ್ಷಣ ಅದು ಪ್ಯಾಮ್ ಅನ್ನೋ ಲಿನಕ್ಸಿನ ಲಾಗಿನ್ ವ್ಯವಸ್ಥೆ ಮೂಲಕ ಲಿನಕ್ಸ್ ಯೂಸರ್‌ಗಳನ್ನೇ ಮೇಲ್ ಯೂಸರ್ ಅಂತ ತಗೊಳುತ್ತೆ. ಅಂದ್ರೆ ಅಕೌಂಟೆಂಟ್ ಮೇಡಂನ ಮೇಲ್ ಪಾಸ್‌ವರ್ಡ್ ಲೀಕ್ ಆದ್ರೆ ಅದೇ ಪಾಸ್‌ವರ್ಡಲ್ಲಿ ಎಸ್‌ಎಸ್‌ಎಚ್ ಲಾಗಿನ್ ಕೂಡ ಆಗಬಹುದು. ಮೇಲ್ ಓದೋರಿಗೆ ಸರ್ವರ್ ಶೆಲ್ ಯಾಕೆ ಬೇಕು ಹೇಳಿ? 10-ಆಥ್ ಫೈಲಿನ ಕೊನೇಲಿ ಆಥ್-ಸಿಸ್ಟಮ್ ಅನ್ನೋ ಇನ್‌ಕ್ಲೂಡ್ ಸಾಲನ್ನ ಕಾಮೆಂಟ್ ಮಾಡಿ, ಆಥ್-ಪಾಸ್‌ಡಬ್ಲ್ಯೂಡಿಫೈಲ್ ಅನ್ನೋದನ್ನ ತೆರೀರಿ. ಆಮೇಲೆ ಯೂಸರ್‌ಗಳೆಲ್ಲಾ /ಇಟಿಸಿ/ಡವ್‌ಕಾಟ್/ಯೂಸರ್ಸ್ ಅನ್ನೋ ಒಂದೇ ಫೈಲಲ್ಲಿ ಇರ್ತಾರೆ, ಮೇಲ್ ಎಲ್ಲಾ ವಿಮೇಲ್ ಅನ್ನೋ ಶೆಲ್ ಇಲ್ಲದ ಒಬ್ಬನೇ ಸಿಸ್ಟಮ್ ಯೂಸರ್ ಹೆಸರಲ್ಲಿ ಡಿಸ್ಕ್ ಮೇಲೆ ಕೂರುತ್ತೆ. ಪೋಸ್ಟ್‌ಫಿಕ್ಸ್ ಕಡೆ ವರ್ಚುಯಲ್_ಟ್ರಾನ್ಸ್‌ಪೋರ್ಟ್‌ನಲ್ಲಿ ಡವ್‌ಕಾಟ್‌ನ ಎಲ್‌ಎಂಟಿಪಿ ಸಾಕೆಟ್ (ಬಂದ ಮೇಲನ್ನ ಡವ್‌ಕಾಟ್ ಕೈಗೆ ಕೊಡೋ ಒಳದಾರಿ) ಕೊಟ್ರೆ ಡೆಲಿವರಿನೂ ಅದೇ ನೋಡ್ಕೊಳುತ್ತೆ. ಆ ಯೂಸರ್ಸ್ ಫೈಲ್ ಓನರ್ ರೂಟ್, ಗ್ರೂಪ್ ಡವ್‌ಕಾಟ್, ಪರ್ಮಿಷನ್ 640, ಬೇರೆ ಯಾರೂ ಓದಬಾರದು. ಪಾಸ್‌ವರ್ಡನ್ನ ಹಾಗೇ ಬರೀಬೇಡಿ, ಡವ್‌ಅಡ್ಮ್ ಪಿಡಬ್ಲ್ಯೂ ಕಮಾಂಡ್‌ಗೆ ಬಿಎಲ್‌ಎಫ್-ಕ್ರಿಪ್ಟ್ ಸ್ಕೀಮ್ ಕೊಟ್ಟು ಹ್ಯಾಶ್ (ವಾಪಸ್ ಬಿಡಿಸೋಕಾಗದ ರೂಪ) ಮಾಡಿಸಿ, ಬಂದ ಉದ್ದದ ಸಾಲನ್ನ ಅದರ ಮೀಸೆ ಬ್ರ್ಯಾಕೆಟ್ ಸಮೇತ ಪೇಸ್ಟ್ ಮಾಡಿ.

10-ಎಸ್‌ಎಸ್‌ಎಲ್ ಫೈಲಲ್ಲಿ ಎಸ್‌ಎಸ್‌ಎಲ್ = ರಿಕ್ವೈರ್ಡ್, ಎಸ್‌ಎಸ್‌ಎಲ್_ಮಿನ್_ಪ್ರೋಟೋಕಾಲ್ = ಟಿಎಲ್‌ಎಸ್‌ವಿ1.2. ಟಿಎಲ್‌ಎಸ್ 1.0, 1.1 ಎರಡನ್ನೂ 2021ರಲ್ಲೇ ಆರ್‌ಎಫ್‌ಸಿ 8996 ಅಧಿಕೃತವಾಗಿ ಕೈಬಿಟ್ಟಿದೆ. ಸರ್ಟಿಫಿಕೇಟ್ ಪಾತ್ ಮುಂದೆ '<' (ಲೆಸ್ ದ್ಯಾನ್) ಗುರುತು ಇದೆಯಾ ನೋಡಿ, ಅದು ಇಲ್ದಿದ್ರೆ ಫೈಲ್ ಓದೋ ಬದಲು ಪಾತನ್ನೇ ಸರ್ಟಿಫಿಕೇಟ್ ಅಂದ್ಕೊಳುತ್ತೆ. 2.4ರಲ್ಲಿ ಆ ಗುರುತು ಬೇಡ, ಸೆಟ್ಟಿಂಗ್ ಹೆಸರೂ ಎಸ್‌ಎಸ್‌ಎಲ್_ಸರ್ವರ್_ಸರ್ಟ್_ಫೈಲ್ ಅಂತ ಆಗಿದೆ. ಡಿಸೇಬಲ್_ಪ್ಲೇನ್‌ಟೆಕ್ಸ್ಟ್_ಆಥ್ = ಎಸ್ ಅನ್ನೋದು 2.3ರಲ್ಲಿ, 2.4ರಲ್ಲಿ ಅದೇ ಕೆಲಸಕ್ಕೆ ಆಥ್_ಅಲೋ_ಕ್ಲಿಯರ್‌ಟೆಕ್ಸ್ಟ್ = ನೋ, ಎಸ್ಸೂ ನೋನೂ ಉಲ್ಟಾ ಆಗಿರೋದು ಗಮನಿಸಿ.

ಪೋಸ್ಟ್‌ಫಿಕ್ಸ್ ಲಾಗಿನ್ ಚೆಕ್ ಮಾಡೋಕೆ ಡವ್‌ಕಾಟನ್ನೇ ಕೇಳುತ್ತೆ, ಅದಕ್ಕೆ ಎಸ್‌ಎಂಟಿಪಿಡಿ_ಸಾಸ್ಲ್_ಟೈಪ್ = ಡವ್‌ಕಾಟ್, ಎಸ್‌ಎಂಟಿಪಿಡಿ_ಸಾಸ್ಲ್_ಪಾತ್ = ಪ್ರೈವೇಟ್/ಆಥ್. 10-ಮಾಸ್ಟರ್ ಫೈಲಲ್ಲಿ ಸರ್ವಿಸ್ ಆಥ್ ಒಳಗೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್/ಆಥ್ ಅನ್ನೋ ಯೂನಿಕ್ಸ್ ಲಿಸನರ್ ತೆರೆದು ಮೋಡ್ 0660, ಯೂಸರ್ ಗ್ರೂಪ್ ಎರಡೂ ಪೋಸ್ಟ್‌ಫಿಕ್ಸ್ ಅಂತ ಕೊಡಿ, ತುಂಬಾ ಕಡೆ 0666 ಅಂತ ಬರ್ದಿರ್ತಾರೆ ಅದು ಬೇಡ. ಲಾಗಲ್ಲಿ 'ಪ್ರೈವೇಟ್/ಆಥ್ ಫೇಲ್ಡ್, ನೋ ಸಚ್ ಫೈಲ್' ಅಂತ ಬಂದ್ರೆ ಪಾಸ್‌ವರ್ಡ್ ತಪ್ಪಲ್ಲ, ಈ ಸಾಕೆಟ್ ಇಲ್ಲ ಅಂತ ಅರ್ಥ. ಡವ್‌ಅಡ್ಮ್ ಆಥ್ ಟೆಸ್ಟ್ ಅಂತ ಹೊಡೆದು ಯೂಸರ್ ಹೆಸರು ಕೊಟ್ರೆ ಡವ್‌ಕಾಟ್ ಕಡೆ ಸರಿ ಇದೆಯಾ ಅಂತ ಬೇರೆಯಾಗಿ ನೋಡಬಹುದು, ಯಾವ ಕಡೆ ತೊಂದರೆ ಅಂತ ಅಲ್ಲೇ ಗೊತ್ತಾಗುತ್ತೆ.

ಪಾಸ್‌ವರ್ಡ್ ವಿಷಯಕ್ಕೆ ಬಂದ್ರೆ ಕಷ್ಟ ಇರೋದು ಸರ್ವರ್ ಹತ್ರ ಅಲ್ಲ. 'ಅಯ್ ಬುಡಪ್ಪ, ಅಷ್ಟುದ್ದ ಯಾರ್ ಗ್ಯಾಪಕ ಮಡಿಕತ್ತಾರೆ, ಅಂಗಡಿ ಹೆಸರಾಕಿ ಮುಂದ್ಕೆ ಒಂದ್ ನಂಬರ್ ಮಡಗು' ಅಂತಾರೆ ಮಂಡಿ ಯಜಮಾನ್ರು. ವಾದ ಮಾಡ್ಬೇಡಿ, ನೀವೇ ಉದ್ದದ್ದು ರ‍್ಯಾಂಡಮ್ ಆಗಿ ಮಾಡಿ ಅವರ ಫೋನಿಗೆ ನೀವೇ ಹಾಕ್ಕೊಡಿ. ಒಂದು ಸಲ ಹಾಕಿದ್ಮೇಲೆ ಫೋನ್ ಬದಲಾಯಿಸೋವರೆಗೆ ಅವರಿಗೆ ಅದು ಬೇಕಾಗೋದೇ ಇಲ್ಲ, ನೆನಪಿಟ್ಕೊಳೋ ಪ್ರಶ್ನೆ ಎಲ್ಲಿ ಬಂತು. ಊರ ಹೆಸರು, ದೇವಸ್ಥಾನದ ಹೆಸರು, ಅಟ್, 123 ಇವೆಲ್ಲಾ ಬಾಟ್‌ಗಳ ಲಿಸ್ಟಲ್ಲಿ ಮೊದಲೇ ಇರ್ತವೆ.

ಇನ್ನು ಐದು ಜನ ಸೇರಿ ಒಂದೇ 'ಇನ್ಫೋ' ಅಕೌಂಟ್ ಬಳಸೋದು. ಪಾಸ್‌ವರ್ಡ್ ಬದಲಾಯಿಸೋಕೆ ಧೈರ್ಯ ಬರಲ್ಲ, ಯಾರ ಫೋನಿಂದ ಲೀಕ್ ಆಯ್ತು ಗೊತ್ತಾಗಲ್ಲ. ಡವ್‌ಕಾಟಲ್ಲಿ ಒಂದು ಐಪಿಯಿಂದ ಒಬ್ಬ ಯೂಸರ್‌ಗೆ 10 ಐಮ್ಯಾಪ್ ಕನೆಕ್ಷನ್ ಅಷ್ಟೇ ಡೀಫಾಲ್ಟ್, ಎಲ್ರೂ ಒಂದೇ ಆಫೀಸಿನ ಇಂಟರ್ನೆಟ್ಟಲ್ಲಿ ಇದ್ರೆ ಅದು ಬೇಗ ತುಂಬಿ ಆಗಾಗ ಮೇಲ್ ಬರಲ್ಲ ಅಂತ ಕಂಪ್ಲೇಂಟ್ ಬೇರೆ. ಲಿಮಿಟ್ ಜಾಸ್ತಿ ಮಾಡೋ ಬದಲು ಒಬ್ಬೊಬ್ರಿಗೂ ಒಂದೊಂದು ಅಕೌಂಟ್ ಕೊಟ್ಟು 'ಇನ್ಫೋ'ನ ಏಲಿಯಾಸ್ ಮಾಡಿ.

ಯಾರ ಹೆಸರಲ್ಲಿ ಯಾರು

ಲಾಗಿನ್ ಆದೋನು ಫ್ರಮ್ ಅಡ್ರೆಸ್‌ನಲ್ಲಿ ಏನು ಬೇಕಾದ್ರೂ ಬರೆದು ಕಳಿಸಬಹುದು, ಪೋಸ್ಟ್‌ಫಿಕ್ಸ್ ತಾನಾಗೇ ತಡೆಯಲ್ಲ. ವ್ಯಾಪಾರ ಮಾಡೋರಿಗೆ ಇದೇ ದೊಡ್ಡ ಭಯ, ಯಾರೋ ಒಂದು ಸಣ್ಣ ಅಕೌಂಟ್ ಹಿಡ್ಕೊಂಡು, ಇನ್‌ವಾಯ್ಸ್ ಹೋಗ್ತಿರೋದು ನೋಡ್ಕೊಂಡು, ಯಜಮಾನ್ರ ಅಡ್ರೆಸ್ಸಿಂದಲೇ 'ಬ್ಯಾಂಕ್ ಅಕೌಂಟ್ ಬದಲಾಗಿದೆ, ಇದಕ್ಕೆ ಹಾಕಿ' ಅಂತ ಪಾರ್ಟಿಗೆ ಮೇಲ್ ಕಳಿಸ್ತಾರೆ. ಸರ್ವರ್ ನಿಜವಾದ್ದೇ, ಡೊಮೇನ್ ನಿಜವಾದ್ದೇ, ಪಾರ್ಟಿ ಯಾಕೆ ಅನುಮಾನ ಪಡ್ತಾರೆ. ಎಸ್‌ಎಂಟಿಪಿಡಿ_ಸೆಂಡರ್_ಲಾಗಿನ್_ಮ್ಯಾಪ್ಸ್ ಅಂತ ಒಂದು ಸೆಟ್ಟಿಂಗ್ ಇದೆ, ಒಂದು ಫೈಲಲ್ಲಿ ಎಡಗಡೆ ಅಡ್ರೆಸ್, ಬಲಗಡೆ ಅದನ್ನ ಬಳಸೋಕೆ ಹಕ್ಕಿರೋ ಲಾಗಿನ್‌ಗಳು, ಬರೆದು ಪೋಸ್ಟ್‌ಮ್ಯಾಪ್ ಹೊಡೀರಿ. ಸಬ್ಮಿಷನ್ ಸರ್ವಿಸಲ್ಲಿ ಎಸ್‌ಎಂಟಿಪಿಡಿ_ಸೆಂಡರ್_ರಿಸ್ಟ್ರಿಕ್ಷನ್ಸ್=ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್ ಸೇರಿಸಿ. ಇದು ಎನ್ವಲಪ್ ಸೆಂಡರನ್ನ, ಅಂದ್ರೆ ಮೇಲ್ ಕೊಡುವಾಗ ಸರ್ವರ್‌ಗೆ ಹೇಳೋ ಅಡ್ರೆಸ್ಸನ್ನ, ಮಾತ್ರ ನೋಡುತ್ತೆ, ಮೇಲ್ ಒಳಗಿನ ಫ್ರಮ್ ಹೆಡರ್ ನೋಡಲ್ಲ, ಆದ್ರೂ ಲಾಗಲ್ಲಿ ಯಾರು ಅನ್ನೋದು ನಿಚ್ಚಳ ಆಗುತ್ತೆ, ಮಾಮೂಲಿ ಮೇಲ್ ಆಪ್‌ಗಳಲ್ಲಿ ಎರಡೂ ಒಂದೇ ಇರೋದ್ರಿಂದ ತಡೆನೂ ಆಗುತ್ತೆ.

ಜೆರಾಕ್ಸ್ ಮೆಷಿನ್

ಹೊಸ ಪ್ರಿಂಟರ್ ಆದ್ರೆ ಅದಕ್ಕೇ ಒಂದು ಬೇರೆ ಅಕೌಂಟ್, ಬೇರೆ ಪಾಸ್‌ವರ್ಡ್, ಮೇಲೆ ಹೇಳಿದ ಮ್ಯಾಪಲ್ಲಿ ಅದರ ಅಡ್ರೆಸ್ ಒಂದೇ. ಯಜಮಾನ್ರ ಪಾಸ್‌ವರ್ಡನ್ನ ಪ್ರಿಂಟರ್‌ಗೆ ತುಂಬ್ಬೇಡಿ, ಅದರ ಅಡ್ಮಿನ್ ಪೇಜು ಡೀಫಾಲ್ಟ್ ಪಾಸ್‌ವರ್ಡಲ್ಲೇ ತೆರೆದಿರುತ್ತೆ. ಟಿಎಲ್‌ಎಸ್ 1.2 ಬಾರದ ಹಳೇ ಮೆಷಿನ್ನಿಗೋಸ್ಕರ ಸರ್ವರ್ ಸೆಟ್ಟಿಂಗನ್ನ ಕೆಳಗೆ ಇಳಿಸೋ ಆಸೆ ಬರುತ್ತೆ, ಬೇಡ, ಒಂದು ಮೆಷಿನ್ನಿಗೆ ಎಲ್ಲರದ್ದೂ ಹಾಳು. ಸ್ಕ್ಯಾನ್ ಟು ಮೇಲ್ ಬಿಟ್ಟು ಸ್ಕ್ಯಾನ್ ಟು ಫೋಲ್ಡರ್ ಮಾಡಿ, ಆಫೀಸಿನ ಒಂದು ಕಂಪ್ಯೂಟರಲ್ಲಿ ಶೇರ್ ಫೋಲ್ಡರ್ ಕೊಟ್ರೆ ಆಯ್ತು, ನಾಲ್ಕು ದಿನ ಗೊಣಗ್ತಾರೆ ಆಮೇಲೆ ಅದೇ ಚೆನ್ನಾಗಿದೆ ಅಂತಾರೆ.

ಫೇಲ್2ಬ್ಯಾನ್

ಲಾಗ್ ನೋಡಿ, ಪದೇ ಪದೇ ತಪ್ಪು ಪಾಸ್‌ವರ್ಡ್ ಹೊಡೆಯೋ ಐಪಿಗಳನ್ನ ಬ್ಯಾನ್ ಮಾಡೋ ಪ್ರೋಗ್ರಾಮು ಇದು. ಹಾಕ್ಲೇಬೇಕು, ಆದ್ರೆ ತಿಳ್ಕೊಂಡು ಹಾಕಿ. ಜೈಲ್.ಕಾನ್ಫ್ ಮುಟ್ಬೇಡಿ, ಜೈಲ್.ಲೋಕಲ್ ಅಂತ ಬೇರೆ ಫೈಲ್ ಮಾಡಿ ಅದ್ರಲ್ಲಿ ಪೋಸ್ಟ್‌ಫಿಕ್ಸ್-ಸಾಸ್ಲ್, ಡವ್‌ಕಾಟ್, ಎಸ್‌ಎಸ್‌ಎಚ್‌ಡಿ ಮೂರನ್ನ ಎನೇಬಲ್ ಮಾಡಿ. ಡೆಬಿಯನ್ 12ರಿಂದ ಲಾಗ್ ಫೈಲ್ ಬರೆಯೋ ಆರ್‌ಸಿಸ್‌ಲಾಗ್ ತಾನಾಗೇ ಬರಲ್ಲ, ಮೇಲ್.ಲಾಗ್ ಫೈಲೇ ಇರಲ್ಲ, ಅದಕ್ಕೆ ಬ್ಯಾಕೆಂಡ್ = ಸಿಸ್ಟಮ್‌ಡಿ ಅಂತ ಕೊಡಿ, ಇಲ್ಲಾಂದ್ರೆ ಫೇಲ್2ಬ್ಯಾನ್ ಸ್ಟಾರ್ಟ್ ಆಗದೇ ಬಿದ್ದಿರುತ್ತೆ, ನಿಮಗೆ ಗೊತ್ತೂ ಆಗಲ್ಲ.

ಡೀಫಾಲ್ಟ್ ಏನು ಅಂದ್ರೆ 10 ನಿಮಿಷದಲ್ಲಿ 5 ಸಲ ತಪ್ಪಿದ್ರೆ 10 ನಿಮಿಷ ಬ್ಯಾನ್. ಈಗಿನ ಬಾಟ್‌ಗಳು ನಿಧಾನಕ್ಕೆ ಬರ್ತವೆ, ಅರ್ಧ ಗಂಟೆಗೊಂದು ಟ್ರೈ, ಅದೂ ಬೇರೆ ಬೇರೆ ಐಪಿಯಿಂದ, ಈ ಲೆಕ್ಕಕ್ಕೆ ಸಿಗೋದೇ ಇಲ್ಲ. ಫೈಂಡ್‌ಟೈಮ್ ಒಂದು ದಿನ, ಬ್ಯಾನ್‌ಟೈಮ್ ಒಂದು ವಾರ ಮಾಡಿದ್ರೆ ಒಸಿ ಪರವಾಗಿಲ್ಲ. ಆದ್ರೆ ಹಾಗೆ ಮಾಡಿದ ಮಾರನೇ ದಿನ ಬೆಳಗ್ಗೆ ಇಡೀ ಆಫೀಸಿಗೆ ಮೇಲ್ ಬರ್ತಿಲ್ಲ ಅಂತ ಫೋನ್ ಬರೋ ಚಾನ್ಸ್ ಇದೆ, ಯಾಕೆ ಅಂದ್ರೆ ಆಫೀಸಿನ ಅಷ್ಟೂ ಜನ ಹೊರಗೆ ಕಾಣೋದು ಒಂದೇ ಐಪಿಯಾಗಿ, ಒಬ್ರು ಪಾಸ್‌ವರ್ಡ್ ಬದಲಾಯಿಸಿ ಫೋನಲ್ಲಿ ಹಳೇದೇ ಬಿಟ್ಟಿರ್ತಾರೆ, ಆ ಫೋನು ಪ್ಯಾಕೆಟ್ಟಲ್ಲೇ ಕೂತು ಟ್ರೈ ಮಾಡ್ತಾ ಮಾಡ್ತಾ ಎಲ್ಲರನ್ನೂ ಆಚೆ ಹಾಕಿಸುತ್ತೆ. ಆಫೀಸಿಗೆ ಸ್ಟಾಟಿಕ್ ಐಪಿ ಇದ್ರೆ ಇಗ್ನೋರ್‌ಐಪಿಗೆ ಸೇರಿಸಿ. ಇಲ್ದಿದ್ರೆ ಡವ್‌ಕಾಟ್ ಜೈಲಿಗೆ ಮ್ಯಾಕ್ಸ್‌ರಿಟ್ರೈ ಜಾಸ್ತಿ ಮಾಡಿ, ಫೇಲ್2ಬ್ಯಾನ್-ಕ್ಲೈಂಟ್ ಅನ್‌ಬ್ಯಾನ್ ಅನ್ನೋ ಕಮಾಂಡನ್ನ ಕೈಗೆಟುಕೋ ಹಾಗೆ ಇಟ್ಕೊಳಿ. ಪಾಸ್‌ವರ್ಡ್ ಗಟ್ಟಿ ಇದ್ರೆ ಫೇಲ್2ಬ್ಯಾನ್ ಇದ್ರೂ ಇಲ್ದಿದ್ರೂ ಅಂಥ ವ್ಯತ್ಯಾಸ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಅದು ಲಾಗ್ ಕ್ಲೀನ್ ಇಡೋಕೆ ಜಾಸ್ತಿ ಉಪಯೋಗ.

ಸರ್ಟಿಫಿಕೇಟು, ಡಿಎನ್‌ಎಸ್ಸು

ಸರ್ಟ್‌ಬಾಟಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತಗೊಳೋದು ಸುಲಭ, 90 ದಿನ ಬರುತ್ತೆ, ತಾನಾಗೇ ರಿನ್ಯೂ ಆಗುತ್ತೆ. ತೊಂದರೆ ಏನಂದ್ರೆ ಡಿಸ್ಕ್ ಮೇಲೆ ಹೊಸದು ಬಂದಿರುತ್ತೆ, ಡವ್‌ಕಾಟ್ ಮಾತ್ರ ಹಳೇದನ್ನೇ ಹಿಡ್ಕೊಂಡು ಕೂತಿರುತ್ತೆ. /ಇಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್/ರಿನ್ಯೂವಲ್-ಹುಕ್ಸ್/ಡಿಪ್ಲಾಯ್ ಫೋಲ್ಡರಲ್ಲಿ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡನ್ನೂ ರೀಲೋಡ್ ಮಾಡೋ ಎರಡು ಸಾಲಿನ ಸ್ಕ್ರಿಪ್ಟ್ ಹಾಕಿ, ಎಕ್ಸಿಕ್ಯೂಟ್ ಪರ್ಮಿಷನ್ ಮರೀಬೇಡಿ. ಮುಂಚೆ ಎಕ್ಸ್‌ಪೈರ್ ಆಗುತ್ತೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರೇ ಮೇಲ್ ಕಳಿಸ್ತಿದ್ರು, 2025 ಜೂನ್‌ನಲ್ಲಿ ಅದನ್ನ ನಿಲ್ಸಿದ್ದಾರೆ.

ನಿಮ್ಮ ಡೊಮೇನ್ ಹೆಸರಲ್ಲಿ ಬಂದ ಮೇಲ್ ನಿಮ್ಮದೇನಾ ಅಂತ ಆ ಕಡೆಯವರು ಡಿಎನ್‌ಎಸ್‌ನಲ್ಲಿ ನೋಡೋಕೆ ಇರೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಹಾಕಿ, ಪಿಟಿಆರ್ ನಿಮ್ಮ ಮೇಲ್ ಹೋಸ್ಟ್‌ನೇಮಿಗೆ ಹೊಂದ್ಲಿ. 2024 ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಕಟ್ಟುನಿಟ್ಟು, ದಿನಕ್ಕೆ 5000 ಮೇಲ್ ಕಳಿಸೋರಿಗೆ ಮೂರೂ ಬೇಕು, ಉಳಿದವರಿಗೂ ಎಸ್‌ಪಿಎಫ್ ಇಲ್ಲಾ ಡಿಕಿಮ್ ಒಂದಾದ್ರೂ ಇರ್ಲೇಬೇಕು. ಎಸ್‌ಪಿಎಫ್‌ನಲ್ಲಿ ಡಿಎನ್‌ಎಸ್ ಲುಕಪ್ 10 ದಾಟಬಾರದು, ಇನ್‌ಕ್ಲೂಡ್ ಮೇಲೆ ಇನ್‌ಕ್ಲೂಡ್ ಪೇರಿಸ್ತಾ ಹೋಗೋರಿಗೆ ಈ ಮಾತು. ವೆಬ್‌ಮೇಲ್ ಬೇಕೇ ಬೇಕಾ ಅಂತ ಒಂದ್ಸಲ ಕೇಳಿ ನೋಡಿ, ಎಲ್ರೂ ಫೋನಲ್ಲೇ ನೋಡೋದಾದ್ರೆ ಹಾಕ್ಬೇಡಿ. ರೌಂಡ್‌ಕ್ಯೂಬ್ ಅನ್ನೋ ವೆಬ್‌ಮೇಲಲ್ಲಿ 2025ರಲ್ಲಿ ಸಿಕ್ಕ ತೂತು, ಯಾವುದೋ ಒಂದು ಅಕೌಂಟಿನ ಲಾಗಿನ್ ಇದ್ರೆ ಸಾಕು ಸರ್ವರ್ ಮೇಲೆ ಕೋಡ್ ಓಡಿಸಬಹುದಿತ್ತು, 1.6.11ರಲ್ಲಿ ಸರಿ ಮಾಡಿದ್ರು. ಹಾಕೋದಾದ್ರೆ ಅಪ್‌ಡೇಟ್ ಮಾಡೋ ಜವಾಬ್ದಾರಿನೂ ನಿಮ್ಮದೇ.

ಹೊರಗಿಂದ ಟೆಸ್ಟ್ ಮಾಡಿ

ಸರ್ವರ್ ಮೇಲೇ ಕೂತು ಟೆಸ್ಟ್ ಮಾಡಿದ್ರೆ ಎಲ್ಲಾ ಸರಿ ಅಂತಲೇ ಬರುತ್ತೆ, ಲೂಪ್‌ಬ್ಯಾಕು ಮೈನೆಟ್‌ವರ್ಕ್ಸ್‌ನಲ್ಲಿದೆ ಅಲ್ವಾ. ಬೇರೆ ಯಾವುದಾದ್ರೂ ವಿಪಿಎಸ್‌ನಿಂದ ಸ್ವಾಕ್ಸ್ ಅನ್ನೋ ಟೂಲ್ ಹಾಕಿ, 25ಕ್ಕೆ ಲಾಗಿನ್ ಇಲ್ದೇ ನಿಮ್ಮ ಜಿಮೇಲ್ ಅಡ್ರೆಸ್ಸಿಗೆ ಕಳಿಸಿ ನೋಡಿ, 'ರಿಲೇ ಆಕ್ಸೆಸ್ ಡಿನೈಡ್' ಅಂತ ಬರಬೇಕು. ಅದೇ 587ಕ್ಕೆ ಟಿಎಲ್‌ಎಸ್ ಇಲ್ದೇ ಪಾಸ್‌ವರ್ಡ್ ಕೊಡೋಕೆ ಟ್ರೈ ಮಾಡಿ, ಬಿಡಬಾರದು. ಆಮೇಲೆ ಒಬ್ಬರ ಲಾಗಿನ್ನಲ್ಲಿ ಇನ್ನೊಬ್ಬರ ಅಡ್ರೆಸ್ ಹಾಕಿ ಕಳಿಸಿ, ಅದನ್ನೂ ಬಿಡಬಾರದು. ಮೂರಕ್ಕೂ ಇಲ್ಲ ಅಂದ್ರೆ ಸರ್ವರ್ ಸರಿಯಾಗಿದೆ.

ಲಾಗ್ ಎಷ್ಟು ದಿನ ಇರುತ್ತೆ ಅಂತಲೂ ನೋಡಿ. ಆರ್‌ಸಿಸ್‌ಲಾಗ್ ಇದ್ರೆ ಲಾಗ್‌ರೊಟೇಟ್ ಡೀಫಾಲ್ಟಲ್ಲಿ ವಾರಕ್ಕೊಂದರಂತೆ 4 ಇಡುತ್ತೆ, ಅಂದ್ರೆ ಒಂದು ತಿಂಗಳು. ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ ನಿರ್ದೇಶನದಲ್ಲಿ ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು ಅಂತ ಇದೆ, ಆ 4ನ್ನ 26 ಮಾಡಿ, ಕಂಪ್ರೆಸ್ ಆಗಿರೋದ್ರಿಂದ ಜಾಗನೂ ಜಾಸ್ತಿ ತಿನ್ನಲ್ಲ.

ಅಕೌಂಟ್ ಒಂದು ಕೈ ತಪ್ಪಿದ್ರೆ

ಪೋಸ್ಟ್‌ಕ್ಯೂ ಮೈನಸ್ ಪಿ ಹೊಡೆದಾಗ ಪರದೆ ತುಂಬಾ ಗೊತ್ತಿಲ್ಲದ ಅಡ್ರೆಸ್‌ಗಳು ಓಡಿದ್ರೆ ಮೊದಲು ಪೋಸ್ಟ್‌ಫಿಕ್ಸ್ ಸ್ಟಾಪ್ ಮಾಡಿ. ಲಾಗಲ್ಲಿ ಸಾಸ್ಲ್_ಯೂಸರ್‌ನೇಮ್ ಅಂತ ಗ್ರೆಪ್ ಮಾಡಿ ಎಣಿಸಿದ್ರೆ ಯಾರ ಅಕೌಂಟ್ ಅಂತ ತಕ್ಷಣ ಗೊತ್ತಾಗುತ್ತೆ, ಒಬ್ಬರದ್ದು ಮಾತ್ರ ಎಲ್ಲರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ಪಾಸ್‌ವರ್ಡ್ ಬದಲಾಯಿಸಿ, ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ, ಆಗಲೇ ಲಾಗಿನ್ ಆಗಿ ಕೂತಿರೋ ಐಮ್ಯಾಪ್ ಸೆಷನ್ ಹಾಗೇ ಇರುತ್ತೆ, ಡವ್‌ಅಡ್ಮ್ ಕಿಕ್ ಹೊಡೆದು ಆ ಯೂಸರನ್ನ ಹೊರಗೆ ಹಾಕಿ, ಆಥ್ ಕ್ಯಾಶ್ ಆನ್ ಮಾಡಿದ್ರೆ ಅದನ್ನೂ ಫ್ಲಶ್ ಮಾಡಿ. ಸೀವ್ (ಬಂದ ಮೇಲನ್ನ ರೂಲ್ ಪ್ರಕಾರ ವಿಂಗಡಿಸೋದು) ಇಟ್ಟಿದ್ರೆ ಫಾರ್ವರ್ಡ್ ರೂಲ್ ಏನಾದ್ರೂ ಹೊಸದಾಗಿ ಸೇರಿದೆಯಾ ನೋಡಿ, ಇನ್‌ವಾಯ್ಸ್ ಕದಿಯೋರು ಮೊದಲು ಮಾಡೋ ಕೆಲಸ ಅದೇ, ಪಾಸ್‌ವರ್ಡ್ ಬದಲಾದ್ರೂ ಕಾಪಿ ಹೋಗ್ತಾನೇ ಇರುತ್ತೆ. ದುಡ್ಡು ಹೋಗಿದ್ರೆ ಸರ್ವರ್ ಆಮೇಲೆ ನೋಡ್ಕೊಳಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ಕೈ ಬದಲಾಗ್ತಾ ಹೋಗುತ್ತೆ.

ಕ್ಯೂನಲ್ಲಿರೋದನ್ನ ಪೋಸ್ಟ್‌ಸೂಪರ್‌ನಿಂದ ಎಲ್ಲಾ ಡಿಲೀಟ್ ಮಾಡ್ಬಿಡೋಣ ಅನ್ಸುತ್ತೆ, ಅದ್ರಲ್ಲಿ ಆಫೀಸಿನ ನಿಜವಾದ ಮೇಲೂ ಇರುತ್ತೆ, ಮೊದಲು ಹೋಲ್ಡ್‌ಗೆ ಹಾಕಿ, ಆ ಸೆಂಡರ್‌ದು ಮಾತ್ರ ಆರಿಸಿ ತೆಗೆದು, ಉಳಿದದ್ದನ್ನ ಬಿಡಿ. ಬ್ಲ್ಯಾಕ್‌ಲಿಸ್ಟಿಂದ ಹೆಸರು ತೆಗೆಸೋ ಅರ್ಜಿ ಹಾಕೋದು ಇದೆಲ್ಲಾ ಮುಗಿದು, ಒಂದು ದಿನ ಲಾಗ್ ತಣ್ಣಗಿದೆ ಅಂತ ನೋಡ್ಕೊಂಡ ಮೇಲೆ. ಅವಸರಕ್ಕೆ ಮೊದಲೇ ಹಾಕಿದ್ರೆ ತೆಗೀತಾರೆ, ಇನ್ನೊಂದು ಸ್ಪ್ಯಾಮ್ ಹೋದ ಕೂಡಲೇ ಮತ್ತೆ ಸೇರಿಸ್ತಾರೆ, ಎರಡನೇ ಸಲ ತೆಗೆಸೋದು ಇನ್ನೂ ಕಷ್ಟ.